ಚುಕ್ಕಿ ಕಾಯುವವನು

ಭದ್ರಾವತಿ ನ್ಯೂ ಟೌನಿನ ನಮ್ಮ ಸಾಲಿನಲ್ಲಿ ಹೊರದೇಶದಿಂದ ಪುಸ್ತಕ ಬರುತ್ತಿದ್ದದ್ದು ಒಂದೇ ಮನೆಗೆ. ಅದು ನಮ್ಮ ಪಕ್ಕದ ಕ್ವಾರ್ಟರ್ಸು, ಕಾರ್ಖಾನೆಯ ಎರಕದ ವಿಭಾಗದಲ್ಲಿ ಮೇಸ್ತ್ರಿಯಾಗಿದ್ದ ಕೊಟ್ರಬಸಪ್ಪನವರದು. ಪುಸ್ತಕ ಕಳಿಸುತ್ತಿದ್ದವನು ಅವರ ತಮ್ಮ ಶಿವಯೋಗಪ್ಪ, ಸಿಂಗಪುರದಿಂದ. ಆ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದೆ, ಹೆಸರು ವಿಮಲಮ್ಮ. ಪೋಸ್ಟ್‌ಮನ್ ಶೇಷಪ್ಪ ಪುಸ್ತಕ ಕೊಟ್ಟು ಹೋದ ಸಂಜೆ ನನಗೆ ಕರೆ ಬರುತ್ತಿತ್ತು, ಕಾಫಿಯ ಆಸೆ ತೋರಿಸಿ. ಶಿವಯೋಗಪ್ಪನಿಗೆ ಮನೆಯವರ ಪರವಾಗಿ ಕಾಗದ ಬರೆಯುತ್ತಿದ್ದವಳೂ ನಾನೇ. ಕೊಟ್ರಬಸಪ್ಪನವರಿಗೆ ಕನ್ನಡ ಓದಲು ಬರುತ್ತಿತ್ತು, ಆದರೆ ಕುಲುಮೆಯ ಮುಂದೆ ಬೆವರದ ಆ ಮನುಷ್ಯ ಪೆನ್ನು ಹಿಡಿದರೆ ಮೂರು ಸಾಲಿಗೇ ಬೆವರುತ್ತಿದ್ದರು. ಶಿವಯೋಗಪ್ಪನ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ.

ಅವನು ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ, ರಾಗಿಗುಡ್ಡದ ಕಡೆ ಒಂದು ಬಾಡಿಗೆ ಮನೆಯಲ್ಲಿ. ತಂದೆ ಅಡಿಕೆ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವರು, ಬೇಗ ತೀರಿಕೊಂಡರು. ತಾಯಿ ಮಹಾಂತಮ್ಮನವರಿಗೆ ಓದು ಬರಹ ಇರಲಿಲ್ಲ, ರಂಗೋಲಿ ಇತ್ತು. ಹನ್ನೊಂದು ಚುಕ್ಕಿಯದಿರಲಿ, ಇಪ್ಪತ್ತೊಂದರದಿರಲಿ, ಬೇರೆಯವರ ಜೊತೆ ಮಾತಾಡುತ್ತಲೇ ಎಳೆದು ಮುಗಿಸುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು, ಅವರ ಅತ್ತೆಯಿಂದ ಬಂದದ್ದಂತೆ. ಚುಕ್ಕಿ ಇಟ್ಟ ಮೇಲೆ ಗೆರೆ ಎಳೆಯದೆ ಬಿಟ್ಟು ಏಳಬಾರದು; ಹಾಗೆ ಬಿಟ್ಟರೆ ಆ ಮನೆಯಿಂದ ಒಂದು ಹೆಣ ಹೊರಡುತ್ತದೆ. ಆದರೆ ಬೆಳಗಿನ ಹೊತ್ತು, ಹಾಲು ಉಕ್ಕುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಅರ್ಧಕ್ಕೆ ಏಳಲೇಬೇಕಾದರೆ ಮನೆಯವರೊಬ್ಬರು ಚುಕ್ಕಿಯ ಪಕ್ಕ ಕೂತಿರಬೇಕು. ಯಾರಾದರೂ ಕೂತಿದ್ದರೆ ಕೆಲಸ ಬಿಟ್ಟ ಹಾಗಲ್ಲ, ಸ್ವಲ್ಪ ನಿಂತ ಹಾಗೆ ಅಷ್ಟೆ.

ಕೂರುವ ಆ ಕೆಲಸ ಚಿಕ್ಕ ಮಗ ಶಿವಯೋಗಪ್ಪನದು. ಕೋಳಿ ಕೆದಕದಂತೆ, ಕರು ತುಳಿಯದಂತೆ ನೋಡಿಕೊಳ್ಳಬೇಕು. 'ನಾನು ಬರೋವರೆಗೂ ಏಳಬೇಡ ಮಗ' ಎಂದು ಹೇಳಿ ಅವರು ಒಳಗೆ ಹೋಗುತ್ತಿದ್ದರು. ಒಂದು ದಿನ ಅರ್ಧ ರಂಗೋಲಿಯಲ್ಲಿ ಪಕ್ಕದ ಮನೆಯ ಕರಿಯಮ್ಮನಿಗೆ ಹೆರಿಗೆ ನೋವು ಬಂತೆಂದು ಓಡಿದ ಮಹಾಂತಮ್ಮನವರು ತಿರುಗಿ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಹುಡುಗ ಸ್ಕೂಲಿಗೂ ಹೋಗದೆ ಬಿಸಿಲಲ್ಲಿ ಹಾಗೇ ಕೂತಿದ್ದನಂತೆ. ಕಾಯುತ್ತಾ ಕೂತವನಿಗೆ ಬೇರೆ ಏನು ಕೆಲಸ? ಈ ಚುಕ್ಕಿಯಿಂದ ಆ ಚುಕ್ಕಿಗೆ ಗೆರೆ ಹೇಗೆ ಹೋಗುತ್ತದೆಂದು ಕಣ್ಣಲ್ಲೇ ಎಳೆಯುತ್ತಿದ್ದ. ಅವನಿಗೆ ಚಿತ್ರ ಬರೆಯಲು ಬಂದದ್ದು ಅಲ್ಲಿಂದ.

ಎಸ್ಸೆಸ್ಸೆಲ್ಸಿ ಮುಗಿಸಿ ಗಾಂಧಿಬಜಾರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದ. ಮದುವೆ ಪತ್ರಿಕೆ, ಮಂಡಿಯವರ ಕ್ಯಾಲೆಂಡರು. ಅಣ್ಣನಿಗೆ ಕಾರ್ಖಾನೆ ಕೆಲಸ ಆಗಿ ಮನೆ ಭದ್ರಾವತಿಗೆ ಬಂದಾಗ ಇವನೂ ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಸೇರಿದ. ಐವತ್ತೈದರಲ್ಲಿ ಬಸವರಾಜೇಶ್ವರಿಯೊಂದಿಗೆ ಮದುವೆಯಾಯಿತು. ಹರಿಹರದ ಕಡೆಯ ಹುಡುಗಿ, ಮೂರನೇ ಕ್ಲಾಸಿನವರೆಗೆ ಓದಿದ್ದಳು. ಅಷ್ಟುದ್ದದ ಹೆಸರು ಕರೆಯಲು ಯಾರಿಗೆ ಪುರುಸೊತ್ತು, ಎಲ್ಲರ ಬಾಯಲ್ಲೂ ರಾಜೇಶ್ವರಿಯಾದಳು. ಒಂಬತ್ತು ತಿಂಗಳು ಸಂಸಾರ ಮಾಡಿದರು. ಅಷ್ಟರಲ್ಲಿ ಡ್ರಾಯಿಂಗ್ ಆಫೀಸಿನ ತಮಿಳರೊಬ್ಬರು ಸಿಂಗಪುರದಲ್ಲಿ ಪತ್ರಿಕೆಯ ಕಚೇರಿಯಲ್ಲಿದ್ದ ತಮ್ಮ ಭಾವನಿಗೆ ಇವನ ಕೈ ಎಂಥದೆಂದು ಬರೆದು ತಿಳಿಸಿದರು. ಐದು ವರ್ಷದ ಕರಾರು, ಮಧ್ಯೆ ರಜವಿಲ್ಲ, ಹೆಂಡತಿಯನ್ನು ಕರೆದೊಯ್ಯುವ ಹಾಗಿಲ್ಲ. ಐವತ್ತಾರರ ಬೇಸಿಗೆಯಲ್ಲಿ ಮದ್ರಾಸಿನಿಂದ ಹಡಗು ಹತ್ತಿದ.

ಆ ಪತ್ರಿಕೆಯ ಹೆಸರು 'ಸಿಟಿ ಅಂಡ್ ಸೀ'. ಮಹಾಂತಮ್ಮನವರ ಬಾಯಲ್ಲಿ ಅದು ಹಡಗಿನ ಪುಸ್ತಕ. ಆ ಊರಿನಲ್ಲಿ ಈ ತಿಂಗಳು ಯಾವ ಹೋಟೆಲಿನಲ್ಲಿ ಉಣ್ಣಬೇಕು, ಯಾವ ಥಿಯೇಟರಿಗೆ ಹೋಗಬೇಕು, ಕುದುರೆ ಜೂಜಿಗೆ ಹೋಗುವಾಗ ಎಂಥ ಟೊಪ್ಪಿ ಹಾಕಬೇಕು, ಕಿಟಕಿಗೆ ಯಾವ ಬಣ್ಣದ ಪರದೆ ಕಟ್ಟಬೇಕು, ಪೂರ್ತಿ ಅಂಥದೇ. ನಾನು ಓದಿ ಹೇಳುತ್ತಿದ್ದರೆ ಮಹಾಂತಮ್ಮನವರು ಎಲೆ ಅಡಿಕೆ ಮೆಲ್ಲುತ್ತಾ, ಹೊಟ್ಟೆ ಹಸಿದವನಿಗೆ ಎಲ್ಲಿ ಉಣ್ಣಬೇಕು ಅಂತ ಹೇಳೋದಕ್ಕೂ ಒಂದು ಪುಸ್ತಕ ಬೇಕಾ ಎಂದು ಕೇಳುತ್ತಿದ್ದರು. ಕೇಳಿ, ಮಗ ಜೋಡಿಸಿದ ಪುಟ ಯಾವುದೆಂದು ತೋರಿಸಿಕೊಂಡು, ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವರು ಕಣ್ಣಿಗೊತ್ತಿಕೊಂಡ ಪುಟದಲ್ಲಿ ಒಮ್ಮೆ ಬರೀ ಏಡಿಯ ಅಡಿಗೆ ಇತ್ತು. ನಾನು ಬಾಯಿ ಬಿಡಲಿಲ್ಲ. ಅವನೇ ಮುಂದಿನ ಕಾಗದದಲ್ಲಿ, ಏಡಿಯ ಪುಟ ಜೋಡಿಸಿ ಕೈ ತೊಳೆದುಕೊಂಡೇ ಲಿಂಗಪೂಜೆಗೆ ಕೂತೆ ಅಂತ ಅವ್ವನಿಗೆ ಹೇಳಿ ಎಂದು ಬರೆದಿದ್ದ.

ಅವನ ಕೆಲಸ ಏನೆಂದು ನನಗೆ ಅರ್ಥವಾದದ್ದು ಅವನ ಕಾಗದಗಳಿಂದಲೇ. ಬೇರೆಯವರು ಬರೆದದ್ದು ಉದ್ದುದ್ದ ಪಟ್ಟಿಯಾಗಿ ಅಚ್ಚಾಗಿ ಬರುತ್ತದೆ. ಅದನ್ನು ಕತ್ತರಿಸಿ, ಫೋಟೋಗಳ ಜೊತೆ ರಟ್ಟಿನ ಮೇಲೆ ಗೋಂದು ಹಚ್ಚಿ ಕೂರಿಸಿ, ಪುಟದ ಅಂದ ನೋಡಬೇಕು. 'ನನ್ನದು ದರ್ಜಿ ಕೆಲಸ, ಬಟ್ಟೆ ಬೇರೆಯವರದು' ಎಂದು ಬರೆಯುತ್ತಿದ್ದ. ಎರಡು ವರ್ಷದ ಮೇಲೆ ಬರಹ ತಿದ್ದುವ ಕೆಲಸವನ್ನೂ ಕೊಟ್ಟರು. ಅನ್ನ ಸಾರು ತಾನೇ ಬೇಯಿಸಿಕೊಂಡು ಉಣ್ಣುವವನು ಅಲ್ಲಿನ ದೊರೆಗಳ ಔತಣದ ಫೋಟೋಗಳಿಗೆ ಅಡಿಬರಹ ಬರೆಯುತ್ತಿದ್ದ. ಸಿಂಗಪುರದ ಬೀದಿ ಬೀದಿಯ ವಿಷಯ ಊರಿಗೆಲ್ಲ ಹೇಳುವವನಿಗೆ ಸ್ವಂತಕ್ಕೆ ಗೊತ್ತಿದ್ದದ್ದು ಕೋಣೆಯಿಂದ ಕಚೇರಿಗೆ ಹೋಗುವ ದಾರಿ ಒಂದೇ. ಅದನ್ನು ಅವನೇ ಬರೆದಿದ್ದ, ನಗೆಯಾಡಿದ ಹಾಗೆ. ಓದಿದ ನನಗೆ ನಗು ಬರಲಿಲ್ಲ.

ಅಂಕಣದ ಬರಹ ಎಷ್ಟೋ ಸಲ ಪುಟದ ಕೊನೆಯವರೆಗೆ ಸಾಲುವುದಿಲ್ಲವಂತೆ. ಉಳಿದ ಜಾಗಕ್ಕೆ ಒಂದು ಬಳ್ಳಿಯೋ ಹೂವೋ ಬರೆದು ತುಂಬಬೇಕು. ಒಮ್ಮೆ ಶಿವಯೋಗಪ್ಪ ಅಲ್ಲಿ ಹನ್ನೊಂದು ಚುಕ್ಕಿಯ ರಂಗೋಲಿ ಬರೆದ, ಅವ್ವ ಹಾಕುತ್ತಿದ್ದದ್ದನ್ನೇ ನೆನಪು ಮಾಡಿಕೊಂಡು. ಪುಸ್ತಕ ಬಂದಾಗ ನಾನು ಇಂಗ್ಲಿಷ್ ಓದುತ್ತಾ ಅದನ್ನು ಗಮನಿಸಲೇ ಇಲ್ಲ. ರಾಜೇಶ್ವರಿ ಬಗ್ಗಿ ನೋಡಿ, ಮೂರನೇ ಸಾಲಿನಲ್ಲಿ ಗೆರೆ ಸಿಕ್ಕಿಹಾಕಿಕೊಂಡಿದೆ, ಹೊರಗೆ ಬಂದಿಲ್ಲ ಎಂದಳು. ನನ್ನ ಹತ್ತಿರ ಒಂದು ಹಾಳೆ ಕೇಳಿ ಪಡೆದು, ನೀಲಿ ಪೆನ್ಸಿಲಿನಲ್ಲಿ ಅದನ್ನು ಸರಿಯಾಗಿ ಎಳೆದು, ಕಾಗದದ ಜೊತೆ ಲಕೋಟೆಯಲ್ಲಿ ಇಟ್ಟಳು. ಎರಡು ತಿಂಗಳ ಮೇಲಿನ ಸಂಚಿಕೆಯಲ್ಲಿ ಅದೇ ರಂಗೋಲಿ ಬಂತು, ಗೆರೆ ಬಿಡಿಸಿಕೊಂಡು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ತಿಂಗಳಿಗೊಂದು ಹಾಳೆ ಇಲ್ಲಿಂದ ಹೋಗುತ್ತಿತ್ತು, ಎರಡು ತಿಂಗಳಿಗೆ ಯಾವುದೋ ಹೋಟೆಲಿನ ವಿಚಾರದ ಕೆಳಗೆ, ಯಾವುದೋ ಟೊಪ್ಪಿಯ ಪಕ್ಕದಲ್ಲಿ ರಾಜೇಶ್ವರಿಯ ರಂಗೋಲಿ ಕೂತಿರುತ್ತಿತ್ತು. ಯೋಚನೆ ಮಾಡಿ. ಕಾಗದ ಹೇಳುವಾಗ ಅತ್ತೆ ಕೂತಿರುತ್ತಾರೆ, ಭಾವ ಕೂತಿರುತ್ತಾರೆ, ಬರೆಯುವವಳು ಪಕ್ಕದ ಮನೆಯ ಟೀಚರು. ಬರೆದದ್ದನ್ನು ಭಾವ ಒಮ್ಮೆ ಓದಿ ಅಂಟಿಸುತ್ತಾರೆ. ಇಪ್ಪತ್ತು ವರ್ಷದ ಹೆಣ್ಣು ಗಂಡನಿಗೆ ಏನು ತಾನೇ ಬರೆಸಿಯಾಳು? ಎಮ್ಮೆ ಕರು ಹಾಕಿತು, ಅತ್ತೆಗೆ ಕೆಮ್ಮು ಕಡಿಮೆಯಾಯಿತು. ಹಾಳೆಯ ಮೇಲಿನ ರಂಗೋಲಿಯನ್ನು ಮಾತ್ರ ಯಾರೂ ಓದುತ್ತಿರಲಿಲ್ಲ. ಪುಸ್ತಕ ಬಂದ ದಿನ ಅವಳು ಎಲ್ಲರ ಓದು ಮುಗಿಯುವವರೆಗೂ ಕಾದು, ಆಮೇಲೆ ಒಳಗೆ ಒಯ್ದು ತನ್ನ ರಂಗೋಲಿ ಹುಡುಕಿಕೊಳ್ಳುತ್ತಿದ್ದಳು. ಒಮ್ಮೆ ನನಗೆ ಹೇಳಿದಳು, ಅವರು ಗೆರೆಯನ್ನು ಸ್ವಲ್ಪ ದಪ್ಪ ಮಾಡಿ ಎಳೀತಾರೆ, ನನ್ನ ಕೈ ಹಿಡಿದು ಎಳೆಸಿದ ಹಾಗೆ ಇರುತ್ತೆ ಅಂತ. ಹೇಳಿ ನಾಚಿಕೊಂಡಳು. ನನ್ನ ಯಜಮಾನರು ದಿನಾ ಕಾರ್ಖಾನೆಯ ಸೈರನ್ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದರು, ಆದರೂ ಅವತ್ತು ನನಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು.

ಅರವತ್ತನೇ ಇಸವಿಯ ಕಾರ್ತೀಕದಲ್ಲಿ ಮಹಾಂತಮ್ಮನವರು ತೀರಿಕೊಂಡರು. ನಾಲ್ಕು ದಿನ ಜ್ವರ, ಐದನೇ ದಿನ ಬೆಳಿಗ್ಗೆ ಮಾತು ನಿಂತಿತು, ಮಧ್ಯಾಹ್ನ ಉಸಿರು. ಕಡೆಯ ಎರಡು ದಿನ ಸಣ್ಣವನು ಬಂದನಾ ಎಂದು ಕೇಳುತ್ತಲೇ ಇದ್ದರು. ತೀರಿಕೊಂಡ ಮಧ್ಯಾಹ್ನವೇ, ತಂತಿ ಕೊಡೋಣ ಎಂದು ನಾನೇ ಫಾರಂ ಬರೆದುಕೊಂಡು ಹೋದೆ. ಕೊಟ್ರಬಸಪ್ಪನವರು ಅದನ್ನು ಈಸಿಕೊಂಡು ಜೇಬಿಗೆ ಹಾಕಿಕೊಂಡರು. ಹಡಗಿನಲ್ಲಿ ಬರುವವನು ಮಣ್ಣಿಗಾದರೂ ಮುಟ್ಟುತ್ತಾನೆಯೇ ಎಂಬುದು ಅವರ ಪ್ರಶ್ನೆ. ಕರಾರು ಮುಗಿಯಲು ಇನ್ನು ಐದಾರು ತಿಂಗಳು. ಸುದ್ದಿ ತಿಳಿದರೆ ಅವನು ಅಲ್ಲಿ ಒಂದು ನಿಮಿಷ ಇರಲಾರ, ಇಲ್ಲಿಗೆ ಬಂದರೂ ತಾಯಿಯ ಮುಖ ಸಿಗದು, ಅಲ್ಲಿನ ಕೆಲಸವೂ ಹೋಗುತ್ತದೆ. ಅಳುವವನ ಹತ್ತಿರ ಕೂರಲು ಅಲ್ಲಿ ಒಂದು ಜೀವವಿಲ್ಲ. ಬರಲಿ, ಬಂದ ಮೇಲೆ ನಾನೇ ಹೇಳುತ್ತೇನೆ ಎಂದರು. ಅವತ್ತೇ ಮನೆಯವರನ್ನೆಲ್ಲ ಕೂರಿಸಿ, ಯಾರೂ ಈ ಬಗ್ಗೆ ಅವನಿಗೆ ಒಂದಕ್ಷರ ಬರೆಯಬಾರದು ಎಂದು ಲಿಂಗ ಮುಟ್ಟಿಸಿ ಆಣೆ ಮಾಡಿಸಿದರು. ಕೆಟ್ಟ ಮನುಷ್ಯನಲ್ಲ ಅವರು. ತಮ್ಮನ ಮೇಲಿನ ಪ್ರೀತಿಗೇ ಹಾಗೆ ಮಾಡಿದರು, ನನಗೆ ಸಿಟ್ಟು ಬರುವುದೂ ಅದಕ್ಕೇ.

ಆ ತಿಂಗಳ ಕಾಗದವನ್ನೂ ನಾನೇ ಬರೆದೆ. 'ಅವ್ವನವರಿಗೆ ಈಗ ಕೆಮ್ಮಿನ ಕಾಟವಿಲ್ಲ' ಎಂದು ಬರೆದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸುಳ್ಳು ಬರೆಯಲಿಲ್ಲ ಎಂದು ಆಗ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ನಮ್ಮಲ್ಲಿ ಸೂತಕವಿಲ್ಲ ಎಂದು ಅವರ ಮನೆಗೆ ಬರುವ ಅಯ್ಯನವರು ಹೇಳುತ್ತಾರೆ. ಆದರೂ ಸಾವಾದ ಮನೆಯ ಮುಂದೆ ರಂಗೋಲಿ ಹಾಕಲು ಕೈ ಬರುವುದಿಲ್ಲ. ಅಂಗಳ ಬರಿದಾಗಿತ್ತು. ನಾನು ಕಾಗದ ಮಡಿಸುವಾಗ ರಾಜೇಶ್ವರಿ ಎಂದಿನಂತೆ ಒಂದು ಹಾಳೆ ತಂದು ಲಕೋಟೆಯಲ್ಲಿಟ್ಟಳು. ಅದರಲ್ಲಿ ಹನ್ನೊಂದು ಚುಕ್ಕಿಯ ಸಾಲುಗಳು ಅಚ್ಚುಕಟ್ಟಾಗಿ ಇದ್ದವು, ಗೆರೆ ಒಂದೂ ಇರಲಿಲ್ಲ. ಪಾಪ, ಎಳೆಯಲು ಮನಸ್ಸಾಗಿಲ್ಲ ಎಂದುಕೊಂಡೆ. ಕೊಟ್ರಬಸಪ್ಪನವರು ಕಾಗದ ಓದಿ, ಹಾಳೆಯನ್ನು ನೋಡದೆ, ಲಕೋಟೆ ಅಂಟಿಸಿದರು. ಅವಳು ಆಣೆ ಮುರಿಯಲಿಲ್ಲ, ಒಂದಕ್ಷರವೂ ಬರೆಯಲಿಲ್ಲ. ಆದರೆ ಆ ತಾಯಿಯ ಮಗನಿಗೆ, ಬಿಸಿಲಲ್ಲಿ ಕೂತು ಚುಕ್ಕಿ ಕಾದವನಿಗೆ, ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ ಎಂದು ನಂಬಿದ್ದಳು. ಆಮೇಲೆ ಅವಳು ದಿನಾ ಶೇಷಪ್ಪನ ಸೈಕಲ್ ಗಂಟೆಗೆ ಬಾಗಿಲಿಗೆ ಬರತೊಡಗಿದಳು. ಗಂಡನಿಂದ ತಂತಿ ಬರುತ್ತದೆಂದು ಕಾಯುತ್ತಿದ್ದಾಳೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಡಿಸೆಂಬರಿನಲ್ಲಿ ಕಾಗದ ಬಂತು, ಸಂತೋಷದ ಕಾಗದ. ಹೊಸವರ್ಷದ ಸಂಚಿಕೆಗೆ ಮುಖಪುಟ ಏನು ಮಾಡುವುದೆಂದು ಕಚೇರಿಯಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಅವನ ಮೇಜಿನ ಮೇಲಿದ್ದ ಚುಕ್ಕಿಯ ಹಾಳೆ ಸಂಪಾದಕರ ಕಣ್ಣಿಗೆ ಬಿತ್ತಂತೆ. ಇದೇ ಸಾಕು, ಇದಕ್ಕೆ ಏನೂ ಸೇರಿಸಬೇಡ ಎಂದರಂತೆ. 'ರಾಜೇಶ್ವರಿ ಈ ಸಲ ಸೋಮಾರಿಯಾಗಿ ಗೆರೆ ಎಳೆಯದೆ ಕಳಿಸಿದ್ದೇ ನನ್ನ ಅದೃಷ್ಟವಾಯಿತು' ಎಂದು ಬರೆದಿದ್ದ. ಅವನನ್ನು ಚಿತ್ರ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿದ್ದರು. ಇನ್ನು ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಬಹುದು, ಬೇಸಿಗೆಗೆ ರಜ. ಕೊಟ್ರಬಸಪ್ಪನವರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ರಾಜೇಶ್ವರಿ ಎದ್ದು ಹಿತ್ತಲಿಗೆ ಹೋದಳು.

ನಾನು ಹಿಂದೆಯೇ ಹೋದೆ. ಬಾವಿ ಕಟ್ಟೆಗೆ ಒರಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅವರಿಗೆ ಗೊತ್ತಾಗ್ಲಿಲ್ಲ, ಟೀಚರಮ್ಮ" ಎಂದಳು. "ಅತ್ತೆ ಮಾತನ್ನೇ ಮರೆತುಬಿಟ್ಟಿದಾರೆ. ನನಗೆ ಇನ್ನು ಹೇಗೆ ಹೇಳ್ಬೇಕು ಅಂತ ತಿಳೀತಿಲ್ಲ."

ಆಗ ನನಗೆ ಎಲ್ಲ ಅರ್ಥವಾಯಿತು. ಫೆಬ್ರವರಿಯಲ್ಲಿ ಪುಸ್ತಕವೇ ಬಂತು. ದಟ್ಟ ಕೆಂಪು ಬಣ್ಣದ ಮೇಲೆ ಬಿಳಿ ಚುಕ್ಕಿಗಳು. ಕೊಟ್ರಬಸಪ್ಪನವರು ಅದನ್ನು ಸಾಲಿನ ಮನೆಮನೆಗೂ ತೋರಿಸಿ ಬಂದರು, ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನಿಜ ಹೇಳುತ್ತೇನೆ, ಚೆನ್ನಾಗಿಯೇ ಇತ್ತು. ಅವರ ತಾಯಿಯ ಸಾವಿನ ಸುದ್ದಿ ಅವರ ಕೈಯಲ್ಲೇ ಮನೆಮನೆಗೆ ಹೋಗಿ ಬಂತು.

ನನಗೆ ಆಣೆ ಇರಲಿಲ್ಲ. ನಾನು ಆ ಮನೆಯವಳಲ್ಲ, ನನಗೆ ಯಾರೂ ಲಿಂಗ ಮುಟ್ಟಿಸಿರಲಿಲ್ಲ. ನನ್ನ ಮನೆಯಲ್ಲಿ ಪೆನ್ನಿತ್ತು, ಅವನ ವಿಳಾಸ ಬಾಯಿಪಾಠವಿತ್ತು. ನೆರೆಮನೆಯವರ ಮನಸ್ಸು ಯಾಕೆ ಕೆಡಿಸಿಕೊಳ್ಳಲಿ ಎಂದು ಸುಮ್ಮನಿದ್ದೆ. ಆ ಮುಖಪುಟ ನೋಡಿದ ಮೇಲೂ ಫೆಬ್ರವರಿ, ಮಾರ್ಚ್, ಏಪ್ರಿಲ್, ಮೂರು ಕಾಗದ ಬರೆದೆ, ಮೂರರಲ್ಲೂ ಎಲ್ಲರೂ ಕ್ಷೇಮ. ಮಕ್ಕಳಿಗೆ ಸತ್ಯ ಹೇಳಿರೆಂದು ಪಾಠ ಮಾಡಿದವಳು ನಾನು. ರಾಜೇಶ್ವರಿ ಮತ್ತೆ ಹಾಳೆ ಕಳಿಸಲಿಲ್ಲ.

ಮುಂದೆ ಅವರಿಬ್ಬರೂ ಒಟ್ಟಿಗೆ ಸಿಂಗಪುರಕ್ಕೆ ಹೋದರು, ಅವನು ಅಲ್ಲಿ ಇನ್ನೂ ಎಷ್ಟೋ ಮುಖಪುಟ ಮಾಡಿದ. ಅದೆಲ್ಲ ಆಮೇಲಿನದು. ಅವನು ಊರಿಗೆ ಬಂದ ಆ ಒಂದು ದಿನದ್ದನ್ನು ಹೇಳಿಬಿಡುತ್ತೇನೆ.

ಅರವತ್ತೊಂದರ ಮೇ ತಿಂಗಳು. ಬೀರೂರು ಕಡೆಯ ರೈಲು ಇಳಿದು ಜಟಕಾದಲ್ಲಿ ಬಂದ, ಬೆಳಿಗ್ಗೆ ಒಂಬತ್ತರ ಹೊತ್ತು. ಕೈಯಲ್ಲಿ ಪೆಟ್ಟಿಗೆಗಿಂತ ಜೋಪಾನವಾಗಿ ಬಟ್ಟೆ ಸುತ್ತಿದ ಒಂದು ರಟ್ಟು. ಸ್ವಲ್ಪ ಬೆಳ್ಳಗಾಗಿದ್ದ, ಮುಂದಲೆ ತೆಳುವಾಗಿತ್ತು. ನನ್ನನ್ನು ಕಂಡು, ಟೀಚರಮ್ಮ, ನಿಮ್ಮ ಅಕ್ಷರ ನೋಡೀನೋಡೀ ನಿಮ್ಮ ಮುಖ ಮರೆತೇ ಹೋಗಿತ್ತು ಎಂದು ನಕ್ಕ. ಅಂಗಳದಲ್ಲೇ ಬಟ್ಟೆ ಬಿಚ್ಚಿದ. ಅದೇ ಮುಖಪುಟ, ರಟ್ಟಿನ ಮೇಲೆ ಅಂಟಿಸಿದ್ದು. ಅವ್ವನಿಗೆ ಮೊದಲು ತೋರಿಸಬೇಕೆಂದು ಅದನ್ನು ಎದೆಗಾನಿಸಿಕೊಂಡು ಒಳಗೆ ಹೋದ.

ಒಳಗೆ ಗೋಡೆಯ ಮೇಲೆ ಮಹಾಂತಮ್ಮನವರ ಫೋಟೋ ಇತ್ತು, ವಿಭೂತಿ ಹಚ್ಚಿ ಹೂ ಇಟ್ಟದ್ದು. ಬಂದ ಮೇಲೆ ನಾನೇ ಹೇಳುತ್ತೇನೆ ಎಂದಿದ್ದ ಕೊಟ್ರಬಸಪ್ಪನವರು ಬಾಗಿಲ ಹತ್ತಿರ ಕಂಬದಂತೆ ನಿಂತುಬಿಟ್ಟರು. ಶಿವಯೋಗಪ್ಪ ಫೋಟೋದ ಮುಂದೆ ನಿಂತ.

"ಯಾವಾಗ?" ಎಂದು ಕೇಳಿದ.

ಕಾರ್ತೀಕದಲ್ಲಿ ಎಂದರು ಅಣ್ಣ. ಮಿಕ್ಕದ್ದನ್ನೂ ತಡವರಿಸುತ್ತಾ ಹೇಳಿದರು, ಜ್ವರ, ತಂತಿ, ಆಣೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಶಿವಯೋಗಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಅವನ ಕಣ್ಣು ತನ್ನ ಕೈಯಲ್ಲಿದ್ದ ರಟ್ಟಿನ ಮೇಲಿತ್ತು. ಆಮೇಲೆ ಹೆಂಡತಿಯ ಕಡೆ ನೋಡಿದ, ಐದು ವರ್ಷದಲ್ಲಿ ಮೊದಲ ಸಲ.

"ಬರೀಬಾರದು ಅಂತ ಆಣೆ ಇತ್ತು" ಎಂದಳು ರಾಜೇಶ್ವರಿ. "ಅದಕ್ಕೆ ಚುಕ್ಕಿ ಕಳಿಸಿದ್ದೆ."

"ನೀನು ಹೇಳಿದ್ದೆ. ನಾನು ಅದಕ್ಕೆ ಕೆಂಪು ಬಣ್ಣ ಹಾಕಿದೆ" ಎಂದ ಅವನು. "ನೋಡಿದಾಗ ಮನಸ್ಸಿಗೆ ಏನೋ ಕಸಿವಿಸಿ ಆಗಿತ್ತು. ಆಮೇಲೆ ಎಲ್ಲರೂ ಹೊಗಳಿದ್ರು. ಅವ್ವ ಸತ್ತದ್ದಕ್ಕೆ ನಾನು ಶಭಾಷ್‌ಗಿರಿ ತಗೊಂಡೆ."

ಅವನು ರಟ್ಟನ್ನು ಹಿಡಿದು ಹೊರಗೆ ಬಂದ. ಅಂಗಳದಲ್ಲಿ, ಮಹಾಂತಮ್ಮನವರು ದಿನಾ ಸಾರಿಸುತ್ತಿದ್ದ ಜಾಗದಲ್ಲಿ, ಅದನ್ನು ನೆಲಕ್ಕೆ ಮಲಗಿಸಿದ. ಸಿಂಗಪುರದ ಇಸ್ತ್ರಿ ಪ್ಯಾಂಟಿನಲ್ಲೇ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಅತ್ತರೆ ಸಾಕು ಎಂದು ನಾವು ಕಾದೆವು, ಅಳಲಿಲ್ಲ. ಕಾರ್ಖಾನೆಯ ಸೈರನ್ ಕೂಗಿತು, ಜನ ಊಟಕ್ಕೆ ಮನೆಗಳಿಗೆ ಬಂದರು, ಮತ್ತೆ ಹೋದರು. ಮೇ ತಿಂಗಳ ಬಿಸಿಲು. ಕೊಟ್ರಬಸಪ್ಪನವರು ಹತ್ತಿರ ಹೋಗಿ, ತಪ್ಪು ನನ್ನದು, ನನ್ನನ್ನು ಬೈದುಬಿಡು, ಒಳಗೆ ಬಾ ಎಂದು ಭುಜ ಹಿಡಿದರು.

"ಬರೋವರೆಗೂ ಏಳಬೇಡ ಅಂದಿದ್ಲಲ್ಲ, ಅಣ್ಣ" ಎಂದ.

ಕೊಟ್ರಬಸಪ್ಪನವರು ಮುಖ ತಿರುಗಿಸಿಕೊಂಡು ಅಲ್ಲೇ ಗೋಡೆಗೆ ಹಣೆ ಹಚ್ಚಿದರು. ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಮೂರು ಕಾಗದಗಳು ಅವನ ಪೆಟ್ಟಿಗೆಯಲ್ಲೇ ಎಲ್ಲೋ ಇದ್ದಿರಬೇಕು.

ಆಗ ರಾಜೇಶ್ವರಿ ಒಳಗಿನಿಂದ ಬಂದಳು. ಕೈಯಲ್ಲಿ ಅತ್ತೆಯ ತೆಂಗಿನ ಚಿಪ್ಪು, ಅದರಲ್ಲಿ ಕಾರ್ತೀಕದಿಂದ ಮುಟ್ಟದೆ ಇಟ್ಟಿದ್ದ ರಂಗೋಲಿ ಪುಡಿ. ಗಂಡನ ಎದುರಿಗೆ ಕೂತು, ಆ ಮುಖಪುಟದ ಮೇಲೆ ಗೆರೆ ಎಳೆಯತೊಡಗಿದಳು. ನುಣುಪಾದ ಕಾಗದ, ಪುಡಿ ನಿಲ್ಲದೆ ಜಾರುತ್ತಿತ್ತು. ಜಾರಿದಲ್ಲಿ ಮತ್ತೆ ಹಾಕಿ ಬೆರಳಿನಿಂದ ಒತ್ತಿ ಎಳೆದಳು. ಮೂರನೇ ಸಾಲಿಗೆ ಬಂದಾಗ ಅವನ ಕೈ ಹಿಡಿದು, ಇಲ್ಲಿ ಹೀಗೆ ಒಳಗೆ ಹೋಗಿ ಹೀಗೆ ಹೊರಗೆ ಬರಬೇಕು ಎಂದು ಅವನ ಬೆರಳಿನಿಂದಲೇ ಎಳೆಸಿದಳು. ಆಗ ಅವನಿಗೆ ಅಳು ಬಂತು. ಅವಳು ನಿಲ್ಲಿಸಲಿಲ್ಲ. ಹನ್ನೊಂದು ಸಾಲೂ ಸುತ್ತಿ ಬಂದು ಗೆರೆ ಹೊರಟಲ್ಲಿಗೇ ಸೇರಿದ ಮೇಲೆ ಚಿಪ್ಪನ್ನು ಪಕ್ಕಕ್ಕಿಟ್ಟಳು.

"ಗೆರೆ ಎಳೆದಾಯ್ತು" ಎಂದಳು. "ಈಗ ಏಳಿ."

ಅವನು ಎದ್ದ.